ಲಿವರ್ ಗಿವರ್ ಸಾವ್ಕಾರ್ರು

ಭಾನುವಾರ ಬೆಳಿಗ್ಗೆ ನಿಟ್ಟುವಳ್ಳಿಯ ಯಾವ ಕೋಳಿ ಅಂಗಡಿಗೆ ಹೋದರೂ ತಕ್ಕಡಿಯ ಪಕ್ಕ ಒಬ್ಬರು ನಿಂತಿರುತ್ತಾರೆ. ಅವರ ವ್ಯಾಪಾರ ಆಗಲೇ ಮುಗಿದಿದೆ, ಆದರೂ ಕದಲುವುದಿಲ್ಲ. ಕಾರಿನಿಂದ ಇಳಿದ ಯಾರಾದರೂ "ಒಂದು ಕೆಜಿ ಸ್ಕಿನ್‌ಲೆಸ್, ಲಿವರ್ ಗಿವರ್ ಬ್ಯಾಡ" ಅನ್ನಲಿ ಎಂದು ಕಾಯುತ್ತಿದ್ದಾರೆ. ಅಂದದ್ದೇ ತಡ, ಚೀಲದ ಬಾಯಿ ತೆರೆಯುತ್ತದೆ.

"ಬುಟ್ಟಿಗ್ಯಾಕ್ ಎಸೀತಿ? ಇಲ್ಲಿ ಹಾಕಪ್ಪ."

ಕಡಿಯುವ ಹುಡುಗ ಅವರನ್ನು "ಸಾವ್ಕಾರ್ರೇ" ಎಂದೇ ಕರೆಯುತ್ತಾನೆ. ಪುಕ್ಕಟೆ ಕೇಳುವವರಿಗೆ ದಾವಣಗೆರೆಯಲ್ಲಿ ಮರ್ಯಾದೆ ಸ್ವಲ್ಪ ಜಾಸ್ತಿಯೇ.

ಆದರೆ ಜಿಪುಣರೆಂದು ಹೇಳಿಬಿಟ್ಟರೆ ಅನ್ಯಾಯವಾದೀತು. ಸಾವ್ಕಾರ್ರು ಪಂಡಿತರು. ಕೋಳಿಗೆ ಹಲ್ಲಿಲ್ಲ, ಕಾಳಿನ ಜೊತೆ ಸಣ್ಣ ಹರಳೂ ನುಂಗಿ ಗಿಜರ್ಡಿನಲ್ಲಿ ಅರೆದುಕೊಳ್ಳುತ್ತದೆ, ಆ ದುಡಿಮೆಯಿಂದಲೇ ಅದು ಅಷ್ಟು ಗಟ್ಟಿ ಎಂದು ಸರದಿಯಲ್ಲಿ ನಿಂತವರಿಗೆಲ್ಲ ಪಾಠ ಮಾಡುತ್ತಾರೆ. ಸೀಳಿ, ತೊಳೆದು, ಒಳಗಿನ ಹಳದಿ ಪೊರೆಯನ್ನು ಉಗುರಿನಿಂದ ಎಬ್ಬಿಸಿ ಒಂದೇ ಎಳೆತಕ್ಕೆ ಸುಲಿಯಬೇಕು. ಪೊರೆ ಉಳಿದರೆ ಕಹಿ. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಆಮೇಲೆ ಮೆಣಸು, ಈರುಳ್ಳಿ ಹಾಕಿ ಹುರಿಯಬೇಕು. ಲಿವರನ್ನು ಕೊನೆಗೆ ಹಾಕಬೇಕು, ಇಲ್ಲದಿದ್ದರೆ ಸೀಮೆಸುಣ್ಣ.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದಾಗ ನೋಡಬೇಕು ಅವರ ಗತ್ತು! ನೆಂಟರು ತುಂಡಿಗಾಗಿ ಒಳಗೆ ಪಂಕ್ತಿಯಲ್ಲಿ ಕೂತರೆ, ಇವರು ಹಿತ್ತಲಲ್ಲಿ ತಲೆ ಕಾಲು ಸುಡುವ ಬೆಂಕಿಯ ಮುಂದೆ. ಬೋಟಿಯನ್ನು ಬಿಸಿನೀರು, ಸುಣ್ಣ, ಅರಿಶಿನ ಹಾಕಿ ತಿಕ್ಕುವ ಕೆಲಸವನ್ನು ಬೇರೆಯವರಿಗೆ ಬಿಡುವುದಿಲ್ಲ. ಮರುದಿನದ ರೊಟ್ಟಿ ಬೋಟಿಗಾಗಿ ಅವರ ಮನೆಗೆ ಹೋಗುವವರಲ್ಲಿ ನಾನೂ ಒಬ್ಬ. ಆದ್ದರಿಂದ ನನ್ನ ಟೀಕೆಯನ್ನು ಹೆಚ್ಚು ನಂಬಬೇಡಿ.

ಕೈಗೆ ಮೊಬೈಲು ಬಂದಮೇಲೆ ಅವರು ವಿಶ್ವಮಾನವರಾಗಿದ್ದಾರೆ. "ಜಪಾನಿನೋರು ಗಿಜರ್ಡ್ ಕಡ್ಡೀಗೆ ಚುಚ್ಚಿ ಸುಟ್ಟು ತಿಂತಾರ. ಫ್ರಾನ್ಸಿನಾಗ ಬಾತುಕೋಳೀದು ಅದರ ಕೊಬ್ಬಿನಾಗ ಬೇಯಿಸಿ ಸೊಪ್ಪಿನ ಮ್ಯಾಲೆ ಹಾಕ್ತಾರ. ನೀವು ನೋಡಿದ್ರ, ಬ್ಯಾಡ ಅಂತೀರಿ!" ಸ್ಕಾಟ್ಲೆಂಡಿನವರು ಕುರಿಯ ಗುಂಡಿಗೆ, ಲಿವರ್, ಪುಪ್ಪುಸಗಳನ್ನು ಓಟ್ಸ್ ಜೊತೆ ಅದರ ಹೊಟ್ಟೆಯಲ್ಲೇ ತುಂಬಿ ಬೇಯಿಸುವ ಹ್ಯಾಗಿಸ್ ಅಂದರೆ ಅವರಿಗೆ ಭಕ್ತಿ. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ, ಜನವರಿ 25ರ ಊಟದಲ್ಲಿ, ಅಲ್ಲಿನ ಜನ ಅದರ ಮುಂದೆ ನಿಂತು ಅವನ ಪದ್ಯ ಓದುತ್ತಾರೆ. "ನಮ್ಮ ಕವಿಗಳಿಗೆ ಬರೀ ಮಲ್ಲಿಗಿ, ಚಂದ್ರ. ಬೋಟಿ ಕಾಣ್ಲಿಲ್ಲ." ಅಮೆರಿಕವು 1971ರಲ್ಲಿ ಪ್ರಾಣಿಗಳ ಪುಪ್ಪುಸವನ್ನು ಮನುಷ್ಯರ ಆಹಾರವಲ್ಲವೆಂದು ನಿಷೇಧಿಸಿದ್ದು ತಿಳಿದಾಗಿನಿಂದ, ಮಗ ಅಲ್ಲೇ ಇದ್ದರೂ, ಆ ದೇಶದ ಬಗ್ಗೆ ಒಳ್ಳೆಯ ಮಾತಾಡಿಲ್ಲ.

ಮನೆಯೊಳಗೆ ಮಾತ್ರ ಅವರ ಲೋಕಜ್ಞಾನ ನಡೆಯುವುದಿಲ್ಲ. ಒಂದು ಕೋಳಿಗೆ ಒಂದೇ ಗಿಜರ್ಡು, ತಿನ್ನುವವರು ಐವರು. ನೈಜೀರಿಯಾದ ಇಗ್ಬೊ ಮನೆಗಳಲ್ಲಿ ಅದು ಯಜಮಾನನ ಪಾಲೆಂಬ ಸಂಪ್ರದಾಯವನ್ನು ಒಮ್ಮೆ ಊಟದ ಹೊತ್ತಿಗೆ ಘೋಷಿಸಿದರು.

"ಹಂಗಾದ್ರ ಪಾತ್ರಿ ತೊಳೆಯೋದೂ ಅವನ ಪಾಲೇ ಇರಬೇಕು, ಕೇಳ್ರಿ," ಎಂದರಂತೆ ಅವರ ಮನೆಯವರು, ಗಿಜರ್ಡನ್ನು ಮೊಮ್ಮಗಳ ತಟ್ಟೆಗೆ ಹಾಕುತ್ತಾ.

ಈಗ ಅಂಗಡಿಯವನೂ ಜಾಣನಾಗಿದ್ದಾನೆ. ಲಿವರ್, ಗಿಜರ್ಡ್ ಬೇರೆ ತಟ್ಟೆಗೆ ತೆಗೆದು ರೇಟಿನ ಬೋರ್ಡು ಹಾಕಿದ್ದಾನೆ. ಸಾವ್ಕಾರ್ರು ಕನ್ನಡಕ ಏರಿಸಿ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಮೂಲೆಯ ಬುಟ್ಟಿಯತ್ತ ಬಗ್ಗಿದರು.

"ಕೋಳಿ ಕಾಲು ಇನ್ನೂ ಪುಕ್ಕಟ ಐತೇನಪ್ಪ? ಚೀನಾದಾಗ ಭಾಳ ತಿಂತಾರ."