ಅಮ್ಮಾ, ತಿಂಡಿ!

'ತಿಂಡಿ' ಎಂದರೆ ಮೈಸೂರಿನಲ್ಲಿ ಬೆಳಗಿನ ಉಪಾಹಾರ, ತೆಲುಗಿನಲ್ಲಿ ಊಟ-ಆಹಾರ, ಗದಗ ಸೀಮೆಯಲ್ಲಿ ತುರಿಕೆ. 'ಅಮ್ಮ' ಗುಂಟೂರಿನಲ್ಲಿ ಹೆತ್ತವಳು. ಗದಗ-ಬೆಟಗೇರಿ ಕಡೆಯ ಎಷ್ಟೋ ಮನೆಗಳಲ್ಲಿ ಹೆತ್ತವಳು ಅವ್ವ, ಅಜ್ಜಿಯೇ ಅಮ್ಮ. ಲಕ್ಷ್ಮೇಶ್ವರದ ಗಂಡ, ಗುಂಟೂರಿನ ಹೆಂಡತಿ, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹುಟ್ಟಿದ ಐದು ವರ್ಷದ ಮಗಳು: ಇಂಥ ಸಂಸಾರದಲ್ಲಿ ಈ ಎರಡು ಶಬ್ದ ಜೊತೆಗೂಡಬಾರದು.

ಕೂಡಿದವು. ಶನಿವಾರ ಬೆಳಗ್ಗೆ ಎಂಟು. ಲಕ್ಷ್ಮೇಶ್ವರದಲ್ಲಿ ದೀಪ ಹಚ್ಚುವ ಹೊತ್ತು. ವಿಡಿಯೋ ಕಾಲ್ ನಡೆದಿರುವಾಗಲೇ ಮಗು ಅಡುಗೆಮನೆಯತ್ತ ತಿರುಗಿ "ಅಮ್ಮಾ, ತಿಂಡಿ!" ಎಂದು ಕೂಗಿದಳು. ಒಳಗಿನ ಅಮ್ಮ ಇಡ್ಲಿ ತಟ್ಟೆಗೆ ಕೈಹಾಕಿದಳು. ಫೋನಿನ ಅಮ್ಮ ಎದೆ ಹಿಡಿದುಕೊಂಡಳು. ಹತ್ತೇ ನಿಮಿಷದಲ್ಲಿ ಮಗನ ವಾಟ್ಸಾಪಿಗೆ ನಾಲ್ಕು ವಾಯ್ಸ್ ಮೆಸೇಜು: "ಕೂಸಿಗೆ ಮೈತುಂಬಾ ತಿಂಡಿ ಎದ್ದೈತಿ, ಬೇವಿನ ತಪ್ಪಲಾ ಕುದಿಸಿ ಜಳಕಾ ಮಾಡಸೋ." 'ಮೈತುಂಬಾ' ಸೇರಿದ್ದು ಎರಡನೆಯದರಲ್ಲಿ, ನಾಲ್ಕನೆಯದರ ಹೊತ್ತಿಗೆ ಗುಳ್ಳೆಗಳೂ ಎದ್ದಿದ್ದವು.

ಕಾರು ತೊಳೆಸಲು ಹೋಗಿದ್ದ ಮಗ ಅಪ್ಪಟ ಗದಗ ಸೀಮೆಯವನು. ಹೆಂಡತಿಗೊಂದು ಮಾತು ಕೇಳದೆ ಓಕ್ ಟ್ರೀ ರೋಡಿನ ಅಂಗಡಿಯಿಂದ ಬೇವಿನ ಪುಡಿ ತಂದ. ಇಡ್ಲಿ ತಿಂದು ಕೈತೊಳೆದ ಮಗುವಿಗೆ ಹಸಿರು ನೀರಿನ ಜಳಕವಾಯಿತು. ಸೊಸೆ ಇದು ಕನ್ನಡಿಗರ ಯಾವುದೋ ಹಬ್ಬವಿರಬೇಕೆಂದು ಮಗಳಿಗೆ ಹೊಸ ಲಂಗ ತೊಡಿಸಿದಳು.

ನಿವೃತ್ತ ಕನ್ನಡ ಮಾಸ್ತರರಾದ ಅಜ್ಜ ತಪ್ಪು ಒಪ್ಪಲಿಲ್ಲ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳ ಜೊತೆ ಹೆಸರಿಸುವ ಪುಲಿಗೆರೆಯೇ ಲಕ್ಷ್ಮೇಶ್ವರ. ಪಂಪನೂ ತನ್ನ ಭಾರತ ಪುಲಿಗೆರೆಯ ತಿರುಳ್ಗನ್ನಡದ್ದು ಎಂದವನೇ. ಆದಕಾರಣ ತಿದ್ದಿಕೊಳ್ಳಬೇಕಾದದ್ದು ಎಡಿಸನ್. ವಾದ ಗಟ್ಟಿಯಾದದ್ದೇ, ತಿರುಳ್ಗನ್ನಡದ ಮಾಸ್ತರರು ಬೆಳಗ್ಗೆ ತಿನ್ನುವ 'ನಾಷ್ಟಾ' ಮಾತ್ರ ಪಾರಸಿಯದು.

ಅವರ ಪಾಠ ಚಿಕ್ಕದು: "ತಿಂಡಿ ಅನಬಾರದವ್ವಾ, ನಾಷ್ಟಾ ಅನಬೇಕು." ತಿಂಡಿ ಮೈಮೇಲೆ ಏಳುತ್ತದೆಂದು ಮಗುವಿಗೆ ಬೇವಿನ ನೀರು ಮೊದಲೇ ಕಲಿಸಿತ್ತು. ಜುಲೈನಲ್ಲೊಂದು ಸಂಜೆ, ಸೊಳ್ಳೆ ಕಚ್ಚಿ ಕೆಂಪಾದ ಮೊಣಕೈಯನ್ನು ಫೋನಿಗೆ ಹಿಡಿದು ಅಂದಳು: "ಅಜ್ಜಾ, ನಾಷ್ಟಾ ಎದ್ದೈತಿ."

"ಭೇಷ್! ಏನ್ ತಿಂದಿ?" ಎಂದರು ಅಜ್ಜ. ಅಜ್ಜಿ ಫೋನು ಕಸಿದುಕೊಂಡು ಪರದೆಯ ಮೇಲಿನ ಮೊಣಕೈಗೆ ಉಫ್ ಉಫ್ ಎಂದು ಊದಿದಳು.

ದೀಪಾವಳಿಗೆ ಪಾರ್ಸಲ್ ಬಂತು. ಚೂಡಾದ ಡಬ್ಬಿಗೆ ಮಾಸ್ತರರ ಕೈಬರಹದಲ್ಲಿ 'ನಾಷ್ಟಾ' ಎಂಬ ಚೀಟಿ, ತುರಿಕೆಯ ಮುಲಾಮಿಗೆ 'ತಿಂಡಿ'. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರು; ಸೊಸೆ ಸಲೀಸಾಗಿ ಓದಿಕೊಂಡು ಮುಲಾಮನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟಳು.