ಬೈಯಲು ಯಾರೂ ಸಿಗದ ದಾರಿ

ಸೈಕಲ್ ತುಳಿಯುವುದು ಕಾಲಿನ ವಿದ್ಯೆ ಎಂದು ತಿಳಿದವರು ತಿಪಟೂರಿನಲ್ಲಿ ಸೈಕಲ್ ಕಲಿತವರಲ್ಲ. ಅಲ್ಲಿ ಅದು ಮುಖ್ಯವಾಗಿ ಬಾಯಿಯ ವಿದ್ಯೆ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದ ವಯಸ್ಸಿನಲ್ಲೇ, ಕೊಬ್ಬರಿ ಲಾರಿಗೆ ಒಂದು ಸ್ವರ, ಎಮ್ಮೆಗೆ ಒಂದು ಸ್ವರ, ನಡುರಸ್ತೆಯಲ್ಲಿ ನಿಂತು ಯೋಗಕ್ಷೇಮ ವಿಚಾರಿಸಿಕೊಳ್ಳುವ ಬೀಗರಿಗೆ ಇನ್ನೊಂದು ಸ್ವರ ಎಂದು ನನಗೆ ಕರಗತವಾಗಿತ್ತು. ಮುಂದೆ ಬೆಂಗಳೂರು ಈ ವಿದ್ಯೆಗೆ ಸ್ನಾತಕೋತ್ತರ ಪದವಿ ಕೊಟ್ಟಿತು. ಬ್ರೇಕಿಲ್ಲದ ಸೈಕಲ್ಲನ್ನು ಬಾಯಿಯ ಬಲವೊಂದರಿಂದಲೇ ಟೌನ್‌ಹಾಲ್ ವೃತ್ತ ದಾಟಿಸಿದವನು ನಾನು.

ಇಂಥವನನ್ನು ಅಳಿಯ ಬೆಲ್ಜಿಯಮ್ಮಿನ ಲಿಂಬರ್ಗ್ ಪ್ರಾಂತ್ಯಕ್ಕೆ ಕರೆದೊಯ್ದು, ಬೊಕ್ರೈಕ್ ಎಂಬ ಊರಿನ ಕಾಡಂಚಿನಲ್ಲಿ ಒಂದು ಬಾಡಿಗೆ ಸೈಕಲ್ಲಿನ ಮೇಲೆ ಕೂರಿಸಿದ. ಅವನು ಲೂವೆನ್ ಊರಿನಲ್ಲಿ ಕಂಪ್ಯೂಟರ್ ಚಿಪ್ಪುಗಳ ಸಂಶೋಧನೆ ಮಾಡಿಕೊಂಡಿರುವ ಸಾಧು ಹುಡುಗ. "ಮಾವ, ಇಲ್ಲಿ ಕಾರು, ಬಸ್ಸು, ಲಾರಿ ಯಾವುದೂ ಬರಲ್ಲ. ಆರಾಮಾಗಿ ತುಳೀರಿ" ಎಂದ. ಆರಾಮವಾಗಿ ತುಳಿಯುವುದು ಹೇಗೆ ಎಂದು ಕೇಳುವಷ್ಟರಲ್ಲಿ ಅವನೂ ಮಗಳೂ ತಿರುವು ದಾಟಿಯಾಗಿತ್ತು. ನನ್ನ ಹೆಂಡತಿ ಬ್ಯಾಟರಿ ಸೈಕಲ್ ಆರಿಸಿಕೊಂಡಿದ್ದಳು. ನಾನು ತಿಪಟೂರಿನ ಮಾನ ಕಾಯಲೆಂದು ಬ್ಯಾಟರಿ ಇಲ್ಲದ್ದನ್ನು ಹಿಡಿದಿದ್ದೆ.

ಎರಡೂ ಕಡೆ ಪೈನ್ ಮರ, ಬರ್ಚ್ ಮರ. ಮರಗಳ ಸಂದಿಯಲ್ಲಿ ನೀರು. ಅದು ಮುಗಿಯಿತು ಎನ್ನುವಾಗ ಇನ್ನೊಂದು ಕೊಳ. ನಡುವೆ ಬಾಳೆಯೆಲೆ ಹಾಕದೆಯೇ ಊಟ ಮಾಡಬಹುದಾದಷ್ಟು ಚೊಕ್ಕಟವಾದ ದಾರಿ, ಅದರ ಮೇಲೆ ಒಂದು ನರಪಿಳ್ಳೆ ಇಲ್ಲ. ನನಗೆ ಮೊದಲು ಹುಟ್ಟಿದ್ದು ಆನಂದವಲ್ಲ, ಗುಮಾನಿ. ಬೆಂಗಳೂರಿನಲ್ಲಿ ರಸ್ತೆ ಹೀಗೆ ಬಿಕೋ ಎನ್ನುತ್ತಿದ್ದರೆ ಎರಡೇ ಕಾರಣ: ಒಂದೋ ಬಂದ್, ಇಲ್ಲವೇ ಮಂತ್ರಿಗಳ ಸವಾರಿ. ಎರಡರಲ್ಲಿ ಯಾವುದಾದರೂ ಹಿಂದಿನಿಂದ ಬಂದೀತೆಂದು ಕತ್ತು ಹೊರಳಿಸಿ ಹೊರಳಿಸಿ ನೋಡಿದೆ. ಕಡೆಗೂ ಬಂದದ್ದು ಒಬ್ಬ ಅಜ್ಜ, ಒಬ್ಬಳು ಅಜ್ಜಿ. ಒಂದೇ ಬಣ್ಣದ ಜಾಕೀಟು, ಒಂದೇ ಬಣ್ಣದ ಸೈಕಲ್ಲು, ಅದಕ್ಕೆ ಇಳಿಬಿಟ್ಟ ಒಂದೇ ಬಣ್ಣದ ಚೀಲ. ಎಪ್ಪತ್ತೈದು ದಾಟಿದವರಿರಬೇಕು. ನನಗಿಂತ ಮುಂದೆ ಹೋದದ್ದಲ್ಲದೆ, ಹೋಗುವಾಗ ನಕ್ಕು ವಂದನೆ ಬೇರೆ ಹೇಳಿದರು. ಹಿಂದಿಕ್ಕಿದವನನ್ನು ಬೈಯುವ ಹಕ್ಕು ಪ್ರತಿ ಸವಾರನಿಗೂ ಜನ್ಮಸಿದ್ಧ. ವಂದಿಸಿ ಹಿಂದಿಕ್ಕಿದವರನ್ನು ಏನೆಂದು ಬೈಯುವುದು?

ಬೆಲ್ಲಿನ ವಿಷಯದಲ್ಲೂ ಹಾಗೇ ಆಯಿತು. ಅಭ್ಯಾಸಬಲದಿಂದ ಹೆಬ್ಬೆರಳು ತಾನಾಗಿ ಬಾರಿಸುತ್ತಿತ್ತು. ಬಾರಿಸಿದೊಡನೆ ಮುಂದಿದ್ದವರು ಮರು ಮಾತಿಲ್ಲದೆ ಬಲಕ್ಕೆ ಸರಿದುಬಿಡುತ್ತಿದ್ದರು. ನಮ್ಮಲ್ಲಿ ಬೆಲ್ಲು ಸಂಧಾನದ ಮೊದಲ ಮಾತು ಅಷ್ಟೇ. ಆಮೇಲೆ ಕೂಗು, ಅದರ ಮೇಲೊಂದು ದುರುಗುಟ್ಟುವಿಕೆ, ಕೊನೆಗೆ ಎರಡೂ ಕಡೆಯ ಮನೆತನದ ಪ್ರಸ್ತಾಪ. ಇಲ್ಲಿ ಮೊದಲ ಮಾತಿಗೇ ರಾಜಿ! ಕೋರ್ಟೇ ಇಲ್ಲದ ಊರಿಗೆ ಬಂದ ವಕೀಲನ ಪಾಡು ನನ್ನದಾಯಿತು.

ದಾರಿ ತಪ್ಪಿಯಾದರೂ ನಾಲ್ಕು ಜನರ ಜೊತೆ ಮಾತು ಬೆಳೆಸೋಣವೆಂದರೆ ಅದಕ್ಕೂ ಅವಕಾಶವಿಲ್ಲ. ದಾರಿ ಕವಲೊಡೆಯುವಲ್ಲೆಲ್ಲ ಒಂದು ಕಂಬ, ಕಂಬದ ಮೇಲೆ ಒಂದು ಸಂಖ್ಯೆ. ಮುಂದಿನ ಕವಲುಗಳ ಸಂಖ್ಯೆ ಯಾವ ಕಡೆಗೆ ಎಂದು ಬಾಣದ ಗುರುತು. ಹೊರಡುವ ಮುನ್ನ ಸಂಖ್ಯೆಗಳ ಸರಣಿಯನ್ನು ಚೀಟಿಯಲ್ಲಿ ಬರೆದು ಹ್ಯಾಂಡಲಿಗೆ ಅಂಟಿಸಿಕೊಂಡರೆ ಮುಗಿಯಿತು. ನನ್ನ ಹೆಂಡತಿ ಚೀಟಿಯನ್ನೂ ನಂಬದೆ ಬಾಲ್‌ಪೆನ್ನಿನಲ್ಲಿ ಮುಂಗೈ ಮೇಲೆ ಬರೆದುಕೊಂಡು, ಕಂಬ ಬಂದಾಗಲೆಲ್ಲ ತೋಳು ಎತ್ತಿ "ತೊಂಬತ್ತೊಂದು!" ಎಂದು ಗದ್ದಲದ ಆಸ್ಪತ್ರೆಯಲ್ಲಿ ಟೋಕನ್ ಕೂಗಿದಂತೆ ಕೂಗುತ್ತಿದ್ದಳು. ನನಗೆ ಬಯಲಲ್ಲಿ ನಂಬರು ಕಂಡರೆ ಸಣ್ಣ ಅಳುಕು. ನಮ್ಮ ಕಡೆ ಅದು ಸರ್ವೆ ನಂಬರು. ಅದರ ಹಿಂದೆ ತಹಸೀಲ್ದಾರರ ಕಚೇರಿ, ದಾಯಾದಿ, ಮೂವತ್ತು ವರ್ಷದ ದಾವೆ ಇದ್ದೇ ಇರುತ್ತವೆ. ಇಲ್ಲಿ ನಂಬರಿನ ಹಿಂದೆ ಹೆಚ್ಚೆಂದರೆ ಒಂದು ಕಾಫಿ ಅಂಗಡಿ.

ಈ ಏರ್ಪಾಡಿನ ಮೂಲ ವಿಚಾರಿಸಿದಾಗ ಅಳಿಯ ಹ್ಯೂಗೋ ಬೊಲ್ಲೆನ್ ಎಂಬವರ ಹೆಸರು ಹೇಳಿದ. ವೃತ್ತಿಯಲ್ಲಿ ಗಣಿ ಎಂಜಿನಿಯರು, ಇದೇ ಲಿಂಬರ್ಗಿನವರು. ಸೈಕಲ್ ಸವಾರಿಯ ನಡುವೆ ಹೆಜ್ಜೆಗೊಮ್ಮೆ ನಿಂತು ನಕಾಶೆ ಬಿಚ್ಚುವುದು ಅವರಿಗೆ ಬೇಸರ ತರಿಸಿತಂತೆ. ಕಲ್ಲಿದ್ದಲು ಗಣಿಯೊಳಗೆ ಕವಲುಗಳಿಗೆ ನಂಬರು ಹಾಕುವ ಪದ್ಧತಿಯನ್ನು ಬಲ್ಲವರು, ಅದನ್ನೇ ಮೇಲೆ ಬಿಸಿಲಿಗೆ ತಂದರು. ಇಂಥ ಮೊದಲ ಜಾಲ ಸಿದ್ಧವಾದದ್ದು 1995ರಲ್ಲಿ, ಇದೇ ಪ್ರಾಂತ್ಯದಲ್ಲಿ. ಈಗ ಬೆಲ್ಜಿಯಂ, ನೆದರ್ಲೆಂಡ್ಸ್ ತುಂಬ ಇದೇ ಪದ್ಧತಿ. ಸವಾರನಿಗೆ ಊರಿನ ಹೆಸರೂ ಬೇಡ, ದಿಕ್ಕೂ ಬೇಡ. ಮುಂದಿನ ಕವಲು ಯಾವುದು ಎಂಬಷ್ಟೇ ಗೊತ್ತಿದ್ದರೆ ಸಾಕು.

ಬೊಲ್ಲೆನ್ನರ ಬುದ್ಧಿಗೆ ನಾನು ತಲೆಬಾಗುತ್ತೇನೆ. ಆದರೆ ಒಂದು ತಕರಾರನ್ನೂ ದಾಖಲಿಸಬೇಕು. ಈ ತತ್ವ ನಮ್ಮ ಚಹಾ ಅಂಗಡಿಯವನಿಗೆ ಮೊದಲಿನಿಂದಲೂ ಗೊತ್ತು. ಯಾವ ಊರಿಗೆ ದಾರಿ ಕೇಳಿದರೂ ಅವನು ಪೂರ್ತಿ ಹೇಳುವವನೇ ಅಲ್ಲ. "ಸೀದಾ ಹೋಗಿ, ಅರಳಿಕಟ್ಟೆ ಸಿಗುತ್ತೆ, ಅಲ್ಲಿ ಯಾರನ್ನಾದ್ರೂ ಕೇಳಿ." ಅರಳಿಕಟ್ಟೆಯವನು ಕೆರೆ ಏರಿಗೆ ದಾಟಿಸುತ್ತಾನೆ, ಏರಿಯವನು ಹಾಲಿನ ಡೈರಿಗೆ. ಕವಲಿನಿಂದ ಕವಲಿಗೆ ಜನರ ಮೇಲೇ ಸಾಗುವ ಜಾಲ. ವ್ಯತ್ಯಾಸ ಇಷ್ಟೇ: ಬೆಲ್ಜಿಯಮ್ಮಿನ ಕಂಬ ನೀವು ಯಾರ ಪೈಕಿ ಎಂದು ಕೇಳುವುದಿಲ್ಲ, ಅಲ್ಲಿಗೆ ಯಾಕೆ ಹೊರಟಿರಿ ಎಂದೂ ಕೇಳುವುದಿಲ್ಲ.

ಆ ಹೊತ್ತಿಗೆ ತೊಂಬತ್ತೊಂದರ ಹತ್ತಿರವಿದ್ದ ದೊಡ್ಡ ಆಕರ್ಷಣೆ ಬಂತು. ದಾರಿ ನೆಟ್ಟಗೆ ಕೊಳದೊಳಕ್ಕೇ ಇಳಿಯಿತು! ಸೇತುವೆಯಲ್ಲ, ದೋಣಿಯಲ್ಲ, ಕೊಳವನ್ನು ಬೈತಲೆ ತೆಗೆದಂತೆ ಸೀಳಿ, ಎರಡೂ ಬದಿಗೆ ಕಾಂಕ್ರೀಟಿನ ಗೋಡೆ ಕಟ್ಟಿ, ನಡುವೆ ಮೂರು ಮೀಟರ್ ಅಗಲದ ಹಾದಿ ಬಿಟ್ಟಿದ್ದಾರೆ. ಉದ್ದ 212 ಮೀಟರ್. 2016ರಲ್ಲಿ ಆದದ್ದು. ಸೈಕಲ್ ಮೇಲೆ ಕೂತವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ನೀರು. ಹಂಸವೊಂದು ನನ್ನ ಕಿವಿಯ ಪಕ್ಕಕ್ಕೇ ತೇಲಿಬಂತು. ಯಾರನ್ನೂ ಬೈಯದೆ ಬಾಯಿ ಕಟ್ಟಿಹೋಗಿತ್ತಲ್ಲ, ಆ ಹಂಸವನ್ನೇ "ಏನಮ್ಮಾ, ಅಡ್ಡ ಬರ್ತೀಯಾ?" ಎಂದು ಕೇಳಿದೆ. ಅದು ಮಾತ್ರ ಆ ನಾಡಿನ ಶಿಷ್ಟಾಚಾರ ಕಲಿತಿರಲಿಲ್ಲ. ಕತ್ತು ಚಾಚಿ ಬುಸ್ಸೆಂದಿತು. ಬೆಳಗಿನಿಂದ ಮೊದಲ ಬಾರಿಗೆ ನನಗೆ ಮನೆಯ ನೆನಪಾಯಿತು.

ನಿಸರ್ಗ, ನಿಸರ್ಗ ಎಂದು ಮಗಳು ಫೋಟೋ ಹೊಡೆಯುತ್ತಿದ್ದಳು. ಅಸಲಿಗೆ ಅಲ್ಲಿ ನಿಸರ್ಗದ್ದು ಎನ್ನುವುದು ಬಲು ಕಡಿಮೆ. ಸಾವಿರದ ಒಂದು ಕೊಳಗಳ ನಾಡು ಎಂದು ಹೆಸರಾದ ಈ ಸೀಮೆಯ ಎಷ್ಟೋ ಕೊಳಗಳನ್ನು ಮಧ್ಯಯುಗದಿಂದಲೇ ಮನುಷ್ಯರು ತೋಡಿದ್ದು. ಮಠದ ಸನ್ಯಾಸಿಗಳಿಗೆ ಉಪವಾಸದ ದಿನ ಮಾಂಸ ನಿಷಿದ್ಧ, ಮೀನಿಗೆ ಅಡ್ಡಿಯಿಲ್ಲ. ಆದ್ದರಿಂದ ಕಾರ್ಪ್ ಮೀನು ಸಾಕಲು ಕೊಳ. ನಮ್ಮ ಏಕಾದಶಿಯ ಉಪ್ಪಿಟ್ಟಿಗೆ ಇಷ್ಟು ದೂರದೃಷ್ಟಿ ಇರಲಿಲ್ಲ. ಅದರಿಂದ ಒಂದು ಹೊಂಡವೂ ಹುಟ್ಟಲಿಲ್ಲ. ಕಾಡಿನ ಕತೆಯೂ ಇಂಥದ್ದೇ. ಈ ಸೀಮೆ ಹಿಂದೆ ಬಹುಪಾಲು ಮರಳು ಮತ್ತು ಕುರುಚಲು. 1901ರಲ್ಲಿ ಇಲ್ಲಿ ಕಲ್ಲಿದ್ದಲು ಸಿಕ್ಕಿತು. ಸುರಂಗದ ಚಾವಣಿಗೆ ಊರುಗೋಲು ಬೇಕಲ್ಲ, ಅದಕ್ಕೆ ಪೈನ್ ಮರ. ಪೈನೇ ಏಕೆಂದರೆ ಅದು ಮುರಿಯುವ ಮುನ್ನ ಲಟಲಟ ಸದ್ದು ಮಾಡಿ ಕೆಳಗಿದ್ದವರಿಗೆ ಓಡಲು ಹೊತ್ತು ಕೊಡುತ್ತದೆ. ಓಣಿ ಓಣಿ ಸಾಲಾಗಿ ನಿಂತ ಆ ಮರಗಳನ್ನು ನೋಡಿದಾಗಲೆಲ್ಲ, ನೆಲದಡಿಯ ಕತ್ತಲಿಗೆಂದು ಹೊರಟು ಬಸ್ಸು ತಪ್ಪಿದವರಂತೆ ಕಾಣುತ್ತಿದ್ದವು. 1992ರಲ್ಲಿ ಕೊನೆಯ ಗಣಿಯೂ ಮುಚ್ಚಿತು. ಕಲ್ಲಿದ್ದಲು ಸಾಗಿಸುತ್ತಿದ್ದ ರೈಲುದಾರಿಯ ಮೇಲೂ ಈಗ ಸೈಕಲ್ಲುಗಳು. ಇಟಲಿಯಿಂದ, ಟರ್ಕಿಯಿಂದ ಬಂದು ಗಣಿಗಿಳಿದವರ ಮೊಮ್ಮಕ್ಕಳು ಇದೇ ಊರುಗಳಲ್ಲಿದ್ದಾರೆ. ಆ ಅಜ್ಜಂದಿರಿಗೆ ಈ ಗಾಳಿಯ ಬಗ್ಗೆ ಹೇಳಲು ಬೇರೆಯೇ ಮಾತುಗಳಿದ್ದಿರಬೇಕು.

ಮಧ್ಯಾಹ್ನದ ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಲೂಗಡ್ಡೆ ಫ್ರೈಸ್ ಸಸ್ಯಾಹಾರವೆಂದು ಎರಡು ಪೊಟ್ಟಣ ಮುಗಿಸಿ, ಮೂರನೆಯದಕ್ಕೆ ಕೈಚಾಚಿದಾಗ ಅಳಿಯ ಬಾಯಿಬಿಟ್ಟ: ಬೆಲ್ಜಿಯಮ್ಮಿನ ಸಾಂಪ್ರದಾಯಿಕ ಪದ್ಧತಿಯಲ್ಲಿ ಅದನ್ನು ಕರಿಯುವುದು ದನದ ಕೊಬ್ಬಿನಲ್ಲಿ. ಈ ಅಂಗಡಿಯವನು ಸಂಪ್ರದಾಯಸ್ಥನೋ ಅಲ್ಲವೋ ಎಂದು ಕೇಳಿಬರಲು ಹೊರಟವನನ್ನು ಹೆಂಡತಿ ತಡೆದಳು. ಕೆಲವು ಕವಲುಗಳಲ್ಲಿ ದಾರಿ ಕೇಳಬಾರದಂತೆ.

ಮುಂದಿನ ಭಾನುವಾರ ಹೆಕ್ಟೆಲ್-ಎಕ್ಸೆಲ್ ಕಾಡಿಗೆ ಹೋದೆವು. ಅಲ್ಲಿ ದಾರಿ ನೀರಿಗಿಳಿಯುವ ಬದಲು ಮರ ಹತ್ತುತ್ತದೆ. 2019ರಲ್ಲಿ ಕಟ್ಟಿದ್ದು: ಪೈನ್ ಕಾಂಡಗಳ ನಡುವೆ ಅವುಗಳಂತೆಯೇ ನೆಟ್ಟಗೆ ನಿಂತ 449 ಉಕ್ಕಿನ ಕಂಬಗಳು, ಅವುಗಳ ಮೇಲೆ 700 ಮೀಟರ್ ಉದ್ದಕ್ಕೆ ಸುತ್ತಿ ಸುತ್ತಿ ಏರುವ ಹಾದಿ. ಉಸಿರು ಹಿಡಿಯಬೇಕಾದ ಏರಲ್ಲ. ತುಳಿಯುತ್ತ ತುಳಿಯುತ್ತ ಕೊಂಬೆಗಳು ಭುಜದ ಸಮಕ್ಕೆ ಬಂದು, ಹತ್ತು ಮೀಟರ್ ಎತ್ತರದಲ್ಲಿ ನಾವೂ ಹಕ್ಕಿಗಳ ನೆರೆಹೊರೆಯವರಾಗುತ್ತೇವೆ.

ಆದರೆ ಅಂದು ಭಾನುವಾರ, ಬಿಸಿಲು ಬೇರೆ ಬಿದ್ದಿತ್ತು. ಬೆಲ್ಜಿಯಮ್ಮಿನಲ್ಲಿ ಈ ಎರಡೂ ಒಟ್ಟಿಗೆ ಬಂದರೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ತುದಿಯ ಹತ್ತಿರ ಒಬ್ಬಳು ಸೆಲ್ಫಿಗೆಂದು ಇಳಿದಳು. ಅವಳ ಹಿಂದೆ ಮಗುವಿನ ಗಾಡಿ ಎಳೆಯುತ್ತಿದ್ದವನು ನಿಂತ, ಅವನ ಹಿಂದೆ ಇಬ್ಬರು ತುಳಿಯುವ ಜೋಡಿ ಸೈಕಲ್ಲು ಓರೆಯಾಯಿತು, ಎದುರಿನಿಂದ ಒಂದೇ ಬಣ್ಣದ ಜಾಕೀಟಿನ ಅಜ್ಜಅಜ್ಜಿಯರ ಇಡೀ ದಂಡು ಇಳಿದುಬಂತು. ಮೋಟಾರು ವಾಹನವೊಂದೂ ಇಲ್ಲದ ಕಾಡಿನಲ್ಲಿ, ಮರದ ಮೇಲೆ, ಥೇಟ್ ಸಿಲ್ಕ್ ಬೋರ್ಡಿನ ಜಾಮು! ಎಲ್ಲರೂ ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಳ್ಳುತ್ತ ನಿಂತರು. ಕ್ಷಮೆಯಿಂದ ಜಾಮು ಬಿಡಿಸಿದ್ದನ್ನು ಯಾರು ಕಂಡಿದ್ದಾರೆ?

ನನಗೆ ಜೀವ ಬಂತು. ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ನೆಲಕ್ಕೆ. ಮುಂದಿನ ಚಕ್ರವನ್ನು ಮಗುವಿನ ಗಾಡಿಗೂ ಕಟಕಟೆಗೂ ನಡುವಿನ ಸಂದಿಗೆ ತೂರಿಸಿ, ಹೊಟ್ಟೆ ಒಳಗೆಳೆದುಕೊಂಡು, ಕೊಬ್ಬರಿ ಲಾರಿಗೆ ಮೀಸಲಾಗಿದ್ದ ಸ್ವರವನ್ನು ಹೊರತೆಗೆದು "ಏಯ್, ಸ್ವಲ್ಪ ದಾರಿ ಬಿಡ್ರೀ!" ಎಂದೆ. ಮಗಳು ತಾನು ಯಾರ ಪೈಕಿಯೂ ಅಲ್ಲವೆಂಬಂತೆ ಮರದ ಕಡೆ ಮುಖ ತಿರುಗಿಸಿದಳು. ಅಜ್ಜಅಜ್ಜಿಯರು ಮಾತ್ರ ದಡಬಡನೆ ಸಾಲಾಗಿ ಬಲಕ್ಕೆ ಸರಿದು ನಿಂತರು, ಇಬ್ಬರು ವಂದನೆಯನ್ನೂ ಹೇಳಿದರು. ಕನ್ನಡ ಕೇಳಿದ ಕೂಡಲೇ ಇಷ್ಟು ಜನ ಒಟ್ಟಿಗೆ ದಾರಿ ಬಿಟ್ಟದ್ದನ್ನು ನಾನು ಬೆಂಗಳೂರಿನಲ್ಲೂ ನೋಡಿಲ್ಲ.