‘ಇನ್ನೊಮ್ಮಿ ಓಡಸ್ರಿ’

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಒಕ್ಕಲು ಮನೆಗಳಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿ, ರೈಲು ಹತ್ತಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಸೇರಿದ ಟೆಸ್ಟಿಂಗ್ ಎಂಜಿನಿಯರ್‌ಗಳಲ್ಲಿ ಒಂದು ಬಗೆಯವನುಂಟು. ಟೆಸ್ಟುಗಳ ಫಲಿತಾಂಶ ತೋರಿಸುವ ಜೆಂಕಿನ್ಸ್ ಪರದೆಯಲ್ಲಿ ಕೆಂಪು ಕಂಡರೆ ಈತ ಲಾಗ್ ತೆರೆಯುವುದಿಲ್ಲ. “ಏನಾಗಂಗಿಲ್ರಿ ಸರ, ಇನ್ನೊಮ್ಮಿ ಓಡಸ್ರಿ” ಎನ್ನುತ್ತಾನೆ. ಹಸಿರಾದರೆ ಚಹಾಕ್ಕೆ ಏಳುತ್ತಾನೆ.

ಸ್ವಭಾವ ಬಂಗಾರ. ಊರಿಗೆ ಹೋದಾಗಲೆಲ್ಲ ಕಟಕ ರೊಟ್ಟಿ, ಶೇಂಗಾ ಹಿಂಡಿ ತಂದು ತಂಡಕ್ಕೆಲ್ಲ ಹಂಚುತ್ತಾನೆ. ಬೈಯೋಣವೆಂದರೆ ಬೈಯುವವರ ಬಾಯಿ ತುಂಬಿರುತ್ತದೆ.

ಈ ಅಭ್ಯಾಸದ ಬೇರು ಹೊಲದ ಪಂಪ್‌ಸೆಟ್ಟಿನಲ್ಲಿದೆ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೂ ಮೋಟರ್ ತಾನೇ ಚಾಲೂ ಆಗಲೆಂದು ರೈತರು ಆಟೋ ಸ್ಟಾರ್ಟರ್ ಕೂಡಿಸುತ್ತಾರೆ. ಇವನೂ ಟೆಸ್ಟು ಓಡಿಸುವ ಮೇವನ್‌ನ ಸರ್‌ಫೈರ್‌ನಲ್ಲಿ ಮರುಓಟದ ಸಂಖ್ಯೆ 3 ಎಂದು ಬರೆದು, ಗುಂಡಿ ಒತ್ತುವ ಶ್ರಮವನ್ನೂ ಉಳಿಸಿಕೊಂಡ. ಆದರೆ ಕರೆಂಟು ಹೋಗಿ ನಿಂತ ಮೋಟರ್ ಬೇರೆ, ಓವರ್‌ಲೋಡ್ ರಿಲೇ ಬಿದ್ದು ನಿಂತ ಮೋಟರ್ ಬೇರೆ. ಎರಡನೆಯದನ್ನು ಮತ್ತೆ ಮತ್ತೆ ಎಬ್ಬಿಸಿದರೆ ಕಾಯಿಲ್ ಸುಡುತ್ತದೆ. ಇವನ ಅಪ್ಪನಿಗೆ ಇದು ಗೊತ್ತು. ಮೊದಲು ಪೆಟ್ಟಿಗೆ ತೆಗೆದು ಮೂಸಿ ನೋಡುತ್ತಾನೆ.

ನ್ಯಾಯವಾಗಿ ಹೇಳಬೇಕೆಂದರೆ, ಎಲ್ಲ ಕೆಂಪೂ ದೋಷವಲ್ಲ. ತನ್ನ ಟೆಸ್ಟುಗಳಲ್ಲಿ ಸುಮಾರು 16% ಒಂದಿಷ್ಟಾದರೂ ಚಂಚಲವೆಂದು ಗೂಗಲ್ಲೇ 2016ರಲ್ಲಿ ಹೇಳಿಕೊಂಡಿತ್ತು: ಕೋಡ್ ಅದೇ ಇದ್ದರೂ ಒಮ್ಮೆ ಪಾಸು, ಒಮ್ಮೆ ಫೇಲು. ಸರ್ವರ್ ಉತ್ತರ ತಡವಾದದ್ದಕ್ಕೇ ಬಿದ್ದ ಟೆಸ್ಟು ಮರುಓಟಕ್ಕೆ ಏಳುತ್ತದೆ. ಕೋಡಿನ ದೋಷವೇ ಚಂಚಲವಾಗಿದ್ದರೆ ಅದರಿಂದ ಬಿದ್ದ ಟೆಸ್ಟೂ ಏಳುತ್ತದೆ.

ಹಣ ಪಾವತಿಯ ಒಂದು ಟೆಸ್ಟು ಮೂರನೆಯ ಓಟಕ್ಕೆ ಮಾತ್ರ ಪಾಸಾಗುತ್ತಿತ್ತು. ಎರಡು ಥ್ರೆಡ್‌ಗಳು ಒಂದೇ ಖಾತೆಗೆ ಒಟ್ಟಿಗೆ ಕೈ ಹಾಕುತ್ತಿದ್ದವು. ಶುಕ್ರವಾರ ಸಂಜೆ ಹಸಿರು ಬಂತು, ಬಿಡುಗಡೆಯಾಯಿತು. ಶನಿವಾರ ಗ್ರಾಹಕರ ಖಾತೆಯಿಂದ ಎರಡೆರಡು ಸಲ ಹಣ ಹೋಯಿತು. ಅವರಿಗೆ “ಇನ್ನೊಮ್ಮಿ ಓಡಸ್ರಿ” ಎನ್ನುವಂತಿರಲಿಲ್ಲ. ಭಾನುವಾರ ತಂಡವೆಲ್ಲ ಕಚೇರಿಯಲ್ಲಿ. ಅಂದು ರೊಟ್ಟಿಯೂ ಇರಲಿಲ್ಲ.

ಕರೆಂಟಿಗಾಗಿ ಕಾಯುವ ಮನೆಯಲ್ಲಿ ಬೆಳೆದವನಿಗೆ, ನಿಂತದ್ದು ಮತ್ತೆ ಏಳುತ್ತದೆಂಬ ನಂಬಿಕೆ ಬಿಡುವುದು ಕಷ್ಟ. ಅದಕ್ಕೇ ಈಗ ತಂಡದಲ್ಲಿ ನಿಯಮ ಮಾಡಿದ್ದಾರೆ. ಮರುಓಟ ಒಂದೇ ಸಲ, ಹಾಗೆ ಎದ್ದ ಟೆಸ್ಟಿಗೆ ಹಸಿರಿಲ್ಲ, ಹಳದಿ. ಯಾವ ಟೆಸ್ಟು, ಯಾವಾಗ, ಯಾಕೆ ಬಿತ್ತೆಂದು ಪಟ್ಟಿಯಲ್ಲಿ ತುಂಬಬೇಕು. ಇವನು ತಪ್ಪದೆ ತುಂಬುತ್ತಾನೆ. ‘ಯಾಕೆ’ ಎಂಬ ಕಾಲಮಿನುದ್ದಕ್ಕೂ ಒಂದೇ ಉತ್ತರ: ನೆಟ್‌ವರ್ಕ್.